ಯಾವ ಟೆನ್ಷನ್ ಅಂತ ಮೊದಲು ಕೇಳಿ: ಮೆಡಿಕಲ್ ಓದುವ ಮಕ್ಕಳ ಒತ್ತಡದ ಬಗ್ಗೆ

ಫಸ್ಟ್ ಎಂಬಿಬಿಎಸ್ ಹುಡುಗನೊಬ್ಬ ಫಿಸಿಯಾಲಜಿ ವೈವಾಗೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ನನ್ನ ಮುಂದೆ ಕೂತಿದ್ದ. ಹೃದಯದ ಮೈಟ್ರಲ್ ವಾಲ್ವ್ ಏನು ಕೆಲಸ ಮಾಡುತ್ತೆ ಅಂತ ಕೇಳಿದೆ. ಸುಲಭದ ಪ್ರಶ್ನೆ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಒಂದು ಪದವೂ ಬರಲಿಲ್ಲ. ರೆಕಾರ್ಡ್ ಪುಸ್ತಕದ ರಟ್ಟಿನ ಮೇಲೆ ಕೈ ಇಟ್ಟಿದ್ದ, ಕೈ ಎತ್ತಿದಾಗ ಐದು ಬೆರಳಿನ ಬೆವರಿನ ಗುರುತು ಅಲ್ಲಿ ಹಾಗೇ ಉಳಿದಿತ್ತು.

"ಕನ್ನಡದಲ್ಲೇ ಹೇಳಪ್ಪ, ಪರವಾಗಿಲ್ಲ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು ಶುರು ಮಾಡಿದ. "ಬಾವಿಗೆ ಇಳಿಬಿಟ್ಟ ಪೈಪಿನ ತುದೀಲಿ ಫುಟ್‌ವಾಲ್ವ್ ಇರುತ್ತಲ್ಲ ಮೇಡಂ, ನೀರು ಮೇಲಕ್ಕೆ ಬರೋವಾಗ ತೆಕ್ಕೊಳ್ಳುತ್ತೆ, ಮೋಟರ್ ಆಫ್ ಆದ್ರೆ ಮುಚ್ಕೊಂಡುಬಿಡುತ್ತೆ, ವಾಪಸ್ ಹೋಗೋಕೆ ಬಿಡಲ್ಲ. ಇದೂ ಹಂಗೇ. ಸರಿಯಾಗಿ ಮುಚ್ಕೊಳ್ಳಲಿಲ್ಲ ಅಂದ್ರೆ ರಕ್ತ ವಾಪಸ್ ಮೇಲಿನ ಕೋಣೆಗೆ ನುಗ್ಗುತ್ತೆ, ಆಮೇಲೆ ಶ್ವಾಸಕೋಶದ ಕಡೆ ಒತ್ತಡ ಏರುತ್ತೆ."

ನಾನು ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದ್ದ. ಅದೂ ಅರ್ಥ ಮಾಡಿಕೊಂಡು ಹೇಳಿದ್ದ.

ಆಮೇಲೆ ಹೊರಗೆ ಕೂರಿಸಿಕೊಂಡು ಮಾತಾಡಿದಾಗ ಗೊತ್ತಾಯಿತು, ಮೂರು ತಿಂಗಳಿಂದ ಅವನಿಗೆ ನಿದ್ದೆ ಸರಿಯಿಲ್ಲ, ಎದೆ ಡವಡವ ಅನ್ನುತ್ತೆ, ಊಟ ಸೇರಲ್ಲ. ಇಬ್ಬರ ಹತ್ತಿರ ಹೇಳಿಕೊಂಡಿದ್ದಾನೆ. ಒಬ್ಬರು ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡು ಅಂದರು. ಇನ್ನೊಬ್ಬರು ಮೊಬೈಲ್ ಕಡಿಮೆ ಮಾಡು ಅಂದರು. ಎರಡೂ ಕೆಟ್ಟ ಸಲಹೆ ಅಲ್ಲ. ಆದರೆ ಅವನ ಕಷ್ಟ ಇದ್ದದ್ದು ಇಂಗ್ಲಿಷ್ ವಾಕ್ಯ ಜೋಡಿಸುವುದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಅಷ್ಟೇ.

ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಈ ಬರಹ. ಮೆಡಿಕಲ್ ಓದುವ ಮಕ್ಕಳ ಒತ್ತಡ ಅಂದ ಕೂಡಲೇ ನಾವೆಲ್ಲ ಒಂದೇ ಡಬ್ಬಿಯಿಂದ ಒಂದೇ ಮಾತ್ರೆ ತೆಗೆದು ಕೊಡುತ್ತೇವೆ. ಯೋಗ ಮಾಡು, ಪಾಸಿಟಿವ್ ಆಗಿರು, ಎಲ್ಲಾ ಸರಿ ಹೋಗುತ್ತೆ. ಹಾಗೆ ಆಗೋದಕ್ಕೆ ಒಂದು ಕಾರಣವೂ ಇದೆ. ಒತ್ತಡದ ಕಾರಣ ಏನೇ ಇರಲಿ, ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ.

ಇದನ್ನು ಮೊದಲು ಗಮನಿಸಿದ್ದು ಒಬ್ಬ ಮೆಡಿಕಲ್ ವಿದ್ಯಾರ್ಥಿಯೇ. ಹಾನ್ಸ್ ಸೆಲ್ಯೆ ಅಂತ ಹೆಸರು. 1920ರ ದಶಕದಲ್ಲಿ ಪ್ರಾಗ್ ನಗರದಲ್ಲಿ ಓದುತ್ತಿದ್ದಾಗ ಪ್ರೊಫೆಸರು ಬೇರೆ ಬೇರೆ ಸೋಂಕಿನ ರೋಗಿಗಳನ್ನು ತರಗತಿಗೆ ಕರೆತಂದು ತೋರಿಸಿದರು. ಯಾವ ಕಾಯಿಲೆಗೆ ಯಾವ ವಿಶೇಷ ಲಕ್ಷಣ ಅಂತ ಎಲ್ಲರೂ ನೋಡುತ್ತಿದ್ದರೆ ಈ ಹುಡುಗನ ಕಣ್ಣಿಗೆ ಬಿದ್ದದ್ದು ಬೇರೆಯೇ. ಎಲ್ಲರ ಮುಖವೂ ಒಂದೇ ಥರ ಬಾಡಿದೆ, ಯಾರಿಗೂ ಹಸಿವಿಲ್ಲ, ಎಲ್ಲರಿಗೂ ಮೈಕೈ ನೋವು. ಸುಮ್ಮನೆ 'ಹುಷಾರಿಲ್ಲ' ಅನ್ನುವುದೇ ಒಂದು ಕಾಯಿಲೆ ಇದ್ದ ಹಾಗಿದೆಯಲ್ಲ ಅಂತ ಅವನಿಗೆ ಅನ್ನಿಸಿತು. 1936ರಲ್ಲಿ, ಆಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಸೆಲ್ಯೆ, ನೇಚರ್ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದರು. ಇಲಿಗಳಿಗೆ ಚಳಿ, ಗಾಯ, ವಿಷ ಯಾವುದೇ ಕೊಟ್ಟರೂ ದೇಹ ತೋರಿಸುವ ಪ್ರತಿಕ್ರಿಯೆ ಒಂದೇ ಮಾದರಿ ಅಂತ. ಇವತ್ತು ನಾವು ಸ್ಟ್ರೆಸ್ ಅನ್ನುವ ಪದವನ್ನು ದೇಹದ ಬಗ್ಗೆ ಬಳಸುತ್ತಿರುವುದರ ಹಿಂದೆ ಈ ಕೆಲಸ ಇದೆ.

ಸರಿ, ದೇಹದ ಒಳಗೆ ಏನಾಗುತ್ತೆ? ಹೆದರಿಕೆ ಆದ ಕ್ಷಣಕ್ಕೆ ಮೂತ್ರಪಿಂಡಗಳ ಮೇಲೆ ಟೋಪಿ ಥರ ಕೂತಿರುವ ಅಡ್ರಿನಲ್ ಗ್ರಂಥಿಯ ಒಳಭಾಗ ಅಡ್ರಿನಲಿನ್ ಬಿಡುತ್ತದೆ. ಎದೆಬಡಿತ, ಬೆವರು, ಕೈ ನಡುಕ, ಬಾಯಿ ಒಣಗುವುದು, ಇವೆಲ್ಲ ಆ ಕಡೆಯ ಕೆಲಸ. ಇದು ಸೆಕೆಂಡುಗಳಲ್ಲಿ ಆಗುವಂಥದ್ದು. ಇನ್ನೊಂದು ದಾರಿ ನಿಧಾನ. ಮೆದುಳಿನ ಹೈಪೊಥಲಾಮಸ್ ಅನ್ನುವ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತೆ, ಪಿಟ್ಯುಟರಿ ಅಡ್ರಿನಲ್‌ನ ಹೊರಪದರಕ್ಕೆ ಹೇಳುತ್ತೆ, ಅದು ಕಾರ್ಟಿಸಾಲ್ ಬಿಡುತ್ತೆ. ಕಾರ್ಟಿಸಾಲ್ ಶತ್ರು ಅಲ್ಲ. ಬೆಳಗ್ಗೆ ಹಾಸಿಗೆಯಿಂದ ಎದ್ದು ಓಡಾಡಲು ಅದೇ ಬೇಕು. ಕೆಲಸ ಮುಗಿದ ಮೇಲೆ ಅದೇ ಮೆದುಳಿಗೆ 'ಸಾಕು' ಅಂತ ತಿಳಿಸಿ ಸರಪಳಿಯನ್ನು ನಿಲ್ಲಿಸುತ್ತೆ. ತೊಂದರೆ ಬರೋದು ಈ ಸ್ವಿಚ್ ಆಫ್ ಆಗದೇ ಉಳಿದಾಗ. ಇಂಟರ್ನಲ್ಸ್ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಇಂಟರ್ನಲ್ಸ್, ಅದರ ಹಿಂದೆ ಲಾಗ್‌ಬುಕ್, ಸೆಮಿನಾರ್, ಅಟೆಂಡೆನ್ಸ್.

ದೇಹಕ್ಕೆ ಇದರಿಂದ ಎಷ್ಟು ಪೆಟ್ಟು ಬೀಳುತ್ತೆ ಅನ್ನುವುದಕ್ಕೆ ನಾನು ಕ್ಲಾಸಿನಲ್ಲಿ ತಪ್ಪದೇ ಹೇಳುವ ಒಂದು ಅಧ್ಯಯನ ಇದೆ. 1998ರಲ್ಲಿ ಪ್ರಕಟವಾದದ್ದು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ್ದು. 11 ಜನ ಡೆಂಟಲ್ ವಿದ್ಯಾರ್ಥಿಗಳು ಒಪ್ಪಿಕೊಂಡು ಬಾಯಿಯ ಮೇಲಂಗಳದಲ್ಲಿ 3.5 ಮಿಲಿಮೀಟರಿನ ಒಂದು ಪುಟ್ಟ ಗಾಯ ಮಾಡಿಸಿಕೊಂಡರು. ಒಂದು ಸಲ ಬೇಸಿಗೆ ರಜೆಯಲ್ಲಿ, ಇನ್ನೊಂದು ಸಲ ಪರೀಕ್ಷೆಗೆ ಮೂರು ದಿನ ಮುಂಚೆ. ಅದೇ ಬಾಯಿ, ಅದೇ ಅಳತೆಯ ಗಾಯ, ಜಾಗ ಮಾತ್ರ ಇನ್ನೊಂದು ಪಕ್ಕ. ಪರೀಕ್ಷೆ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಜಾಸ್ತಿ ಬೇಕಾಯಿತು. ಅಂದರೆ ಸುಮಾರು ಶೇಕಡಾ 40ರಷ್ಟು ಹೆಚ್ಚು ಸಮಯ. ಹನ್ನೊಂದರಲ್ಲಿ ಒಬ್ಬರಿಗೂ ರಜೆಯಲ್ಲಿ ಮಾದಷ್ಟು ಬೇಗ ಮಾಯಲಿಲ್ಲ. 'ಎಲ್ಲಾ ನಿನ್ನ ಮನಸ್ಸಿನ ಭ್ರಮೆ' ಅಂತ ಮಕ್ಕಳಿಗೆ ಹೇಳುವವರು ಈ ಮೇಲಂಗಳದ ಗಾಯವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೇಹದ ಪ್ರತಿಕ್ರಿಯೆ ಒಂದೇ ಇರಬಹುದು, ಅದನ್ನು ಹುಟ್ಟಿಸುವ ಕಾರಣ ಒಂದೇ ಅಲ್ಲ. ಸೆಲ್ಯೆ ಎಲ್ಲರಲ್ಲಿ ಸಮಾನವಾಗಿದ್ದದ್ದನ್ನು ನೋಡಿದರು, ಸಹಾಯ ಮಾಡುವವರು ಬೇರೆ ಬೇರೆ ಇರುವುದನ್ನು ನೋಡಬೇಕು. ಒಂದು ಮಗು ಅಳುತ್ತಾ ಬಂದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಯಾವುದಮ್ಮ? ಓದು ಮುಗೀತಿಲ್ಲ ಅಂತಲಾ, ಭಾಷೆ ಅಂತಲಾ, ಮನೆ ದುಡ್ಡಿನ ಚಿಂತೆಯಾ, ರೂಮಿನಲ್ಲಿ ಯಾರಾದರೂ ಕಾಡುತ್ತಿದ್ದಾರಾ, ವಾರ್ಡಿನಲ್ಲಿ ಏನಾದರೂ ನೋಡಿದ್ಯಾ? ಅರ್ಧ ಕೆಲಸ ಈ ಪ್ರಶ್ನೆಯಲ್ಲೇ ಆಗುತ್ತೆ.

ಓದಿನ ರಾಶಿಯಿಂದಲೇ ಶುರು ಮಾಡೋಣ, ಯಾಕೆಂದರೆ ಅತಿ ಹೆಚ್ಚು ಕೇಳಿಬರುವುದು ಅದು. ಪಿಯುಸಿ ಮತ್ತು ನೀಟ್‌ವರೆಗೆ ಒಂದು ಪುಸ್ತಕವನ್ನು ನಾಲ್ಕೈದು ಸಲ ಓದಿ ಮುಗಿಸಿದ ಮಕ್ಕಳು ಇವರು. ಇಲ್ಲಿ ಅನಾಟಮಿಯ ಒಂದೇ ಪುಸ್ತಕ ಮೂರು ಸಂಪುಟ. ಒಂದು ಸಲ ಓದೋಕೇ ಆಗಲ್ಲ. ತೋಳಿಗೆ ಹೋಗುವ ನರಗಳ ಹೆಣಿಗೆ, ಬ್ರೇಕಿಯಲ್ ಪ್ಲೆಕ್ಸಸ್, ನಿನ್ನೆ ರಾತ್ರಿ ಬಾಯಿಪಾಠ ಆಗಿತ್ತು, ಇವತ್ತು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ ಹೋಗುವಷ್ಟರಲ್ಲಿ ಮಾಯ. ಆಗ ಮಗುವಿಗೆ ಅನ್ನಿಸೋದು, ನನ್ನ ತಲೆಯೇ ಸರಿ ಇಲ್ಲ ಅಂತ.

ತಲೆ ಸರಿಯಾಗೇ ಇದೆ. ಓದಿದ್ದು ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿ ಹೋಗುತ್ತೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದ. ಮರೆವು ರೋಗ ಅಲ್ಲ, ಮೆದುಳಿನ ರೂಢಿ. ತಪ್ಪಿರೋದು ಓದುವ ವಿಧಾನದಲ್ಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದೆ. ಇದರಲ್ಲಿ ಒಂದು ಮೋಸ ಅಡಗಿದೆ ನೋಡಿ. ಮತ್ತೆ ಮತ್ತೆ ಓದಿದಾಗ ಆ ಕ್ಷಣಕ್ಕೆ ಎಲ್ಲಾ ಬಂತು ಅನ್ನಿಸುತ್ತೆ. ಹೈಲೈಟರ್ ಹಾಕಿದ ಪುಟ ನೋಡಿ ಸಮಾಧಾನ ಆಗುತ್ತೆ. ಆ ಸಮಾಧಾನ ಪರೀಕ್ಷೆ ಹಾಲಿನಲ್ಲಿ ಕೈಕೊಡುತ್ತೆ.

ಅದಕ್ಕೆ ನಮ್ಮ ಮಕ್ಕಳಿಗೆ ಒಂದು ಹಾಳೆ ಕೊಟ್ಟು ಹೇಳುತ್ತೇನೆ: ರಾತ್ರಿ ಮಲಗೋ ಮುಂಚೆ ಪುಸ್ತಕ ಮುಚ್ಚಿ, ಇವತ್ತಿನ ಕ್ಲಾಸಿನದು ಒಂದು ಚಿತ್ರ ಬರಿ, ಹೆಸರು ಹಾಕು, ಹತ್ತು ನಿಮಿಷ ಸಾಕು. ಬಾರದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದು. ಮೂರು ದಿನ ಬಿಟ್ಟು ಅದೇ ಚಿತ್ರ, ಆಮೇಲೆ ಹತ್ತು ದಿನ ಬಿಟ್ಟು. ಮೊದಲ ವಾರ ಹಾಳೆ ತುಂಬ ಬರೀ ಕೆಂಪು, ಅದನ್ನು ನೋಡಿ ಅಳು ಬರುತ್ತೆ. ನಾಲ್ಕನೇ ವಾರದ ಹೊತ್ತಿಗೆ ಕೆಂಪು ಕಮ್ಮಿ ಆಗೋದು ಕಣ್ಣಿಗೇ ಕಾಣುತ್ತೆ. ಓದಿನ ಟೆನ್ಷನ್ನಿಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ. ಪ್ರಾಣಾಯಾಮ ಮಾಡಿ ಎದ್ದ ಮೇಲೂ ಬ್ರೇಕಿಯಲ್ ಪ್ಲೆಕ್ಸಸ್ ಹಾಗೇ ಕೂತಿರುತ್ತಲ್ವಾ.

ಹೋಲಿಕೆಯ ನೋವು ಇದರ ಜೊತೆಗೇ ಬರುತ್ತೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ, ಆ ವರ್ಷ ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸೀಟು ಸಿಕ್ಕವರಲ್ಲಿ ಹೆಚ್ಚಿನವರು ಅವರವರ ಶಾಲೆಗೆ, ಊರಿಗೆ ಫಸ್ಟ್ ಬಂದವರು. ಅಂಥ 150 ಜನ ಒಂದೇ ಕ್ಲಾಸಿನಲ್ಲಿ ಕೂತರೆ 149 ಜನ ಫಸ್ಟ್ ಆಗಲು ಸಾಧ್ಯವೇ ಇಲ್ಲ. ಇದು ಬರೀ ಲೆಕ್ಕ. ಆದರೆ ಹದಿನೆಂಟು ವರ್ಷ ಫಸ್ಟ್ ಬಂದೇ ಅಭ್ಯಾಸ ಆದ ಮಗುವಿಗೆ 86ನೇ ಸ್ಥಾನ ಅಂದರೆ ತಾನು ಯಾರು ಅನ್ನುವುದೇ ಅಲ್ಲಾಡುತ್ತೆ. ಇಲ್ಲಿಗೆ ಬಂದಿದ್ದೇ ಏನೋ ತಪ್ಪಾಗಿ, ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತೆ ಅನ್ನುವ ಅಳುಕು. ಇದಕ್ಕೆ ಇಂಪೋಸ್ಟರ್ ಅನ್ನುವ ಹೆಸರು ಕೊಟ್ಟು 1978ರಲ್ಲೇ ಇಬ್ಬರು ಮನೋವಿಜ್ಞಾನಿಗಳು ವಿವರಿಸಿದ್ದಾರೆ. ಹೆಸರು ಗೊತ್ತಾದರೆ ಅಳುಕು ಅರ್ಧ ಇಳಿಯುತ್ತೆ. ಉಳಿದರ್ಧ ಇಳಿಯೋದು ಸೀನಿಯರ್ ಒಬ್ಬರು ಪಕ್ಕದಲ್ಲಿ ಕೂತು 'ನಾನೂ ಬಯೋಕೆಮಿಸ್ಟ್ರಿ ಫಸ್ಟ್ ಇಂಟರ್ನಲ್ಸ್‌ನಲ್ಲಿ ಫೇಲು' ಅಂದಾಗ. ಟೀಚರ್ ಹೇಳಿದರೆ ಅದು ಆಗಲ್ಲ, ಸೀನಿಯರೇ ಹೇಳಬೇಕು.

ಭಾಷೆಯ ವಿಷಯ. ಕರ್ನಾಟಕದಲ್ಲಿ ಕನ್ನಡ ಮಾಧ್ಯಮದವರಿಗೆ, ಗ್ರಾಮೀಣ ಶಾಲೆಯವರಿಗೆ ಸೀಟಿನಲ್ಲಿ ಮೀಸಲಾತಿ ಇದೆ, ಇರಲೇಬೇಕು. ಆದರೆ ಒಳಗೆ ಬಂದ ಮೇಲೆ ಅವರ ಕೈ ಹಿಡಿಯುವ ವ್ಯವಸ್ಥೆ ಎಲ್ಲಾ ಕಡೆ ಒಂದೇ ಥರ ಇಲ್ಲ. ಶುರುವಿನ ಫೌಂಡೇಷನ್ ಕೋರ್ಸಿನಲ್ಲಿ ಭಾಷೆ ಕಲಿಸಬೇಕು ಅಂತ ನಿಯಮ ಇದೆ, ಕೆಲವು ಕಡೆ ಅದು ಸಹಿ ಹಾಕಿ ಮುಗಿಸುವ ಶಾಸ್ತ್ರ. ನಾನು ಈ ಮಕ್ಕಳಿಗೆ ಹೇಳುವುದು ಎರಡು ಮಾತು. ಒಂದು, ಬೆಂಗಳೂರಿನ ದೊಡ್ಡ ಶಾಲೆಯಿಂದ ಬಂದ ಹುಡುಗಿಗೂ ಲ್ಯಾಟಿನ್ ಬರಲ್ಲ. ಬೈಸೆಪ್ಸ್ ಅಂದರೆ ಎರಡು ತಲೆಯದು, ಮೈಟ್ರಲ್ ಅಂದರೆ ಬಿಷಪ್ಪರ ಟೋಪಿಯಂಥದ್ದು. ಇವನ್ನು ಅವಳೂ ನಿನ್ನ ಹಾಗೇ ಹೊಸದಾಗಿ ಕಲಿಯಬೇಕು. ಎರಡು, ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳು, ಆಮೇಲೆ ಅದನ್ನೇ ನಾಲ್ಕು ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರಿ, ಬರೆದದ್ದನ್ನು ಗೆಳೆಯನ ಮುಂದೆ ಓದು. ವೈವಾದಲ್ಲಿ ಉದ್ದ ವಾಕ್ಯ ಯಾರೂ ಕೇಳಲ್ಲ. ಆ ಫುಟ್‌ವಾಲ್ವ್ ಹುಡುಗ ಎಂಟು ವಾರ ಹೀಗೇ ಮಾಡಿದ. ಇಂಗ್ಲಿಷ್ ಚೆಂದ ಆಯಿತು ಅಂತ ನಾನು ಹೇಳಲ್ಲ, ಬಾಯಿ ಕಟ್ಟುವುದು ನಿಂತಿತು. ನಿದ್ದೆ ತಾನಾಗೇ ಬಂತು.

ಮುಂದೆ ವಾರ್ಡಿಗೆ ಬಂದಾಗ ಇದೇ ಮಕ್ಕಳಿಗೆ ಕನ್ನಡವೇ ಬಲ. 'ದಮ್ಮು ಕಟ್ಟುತ್ತೆ', 'ಎದೆ ಹಿಡ್ಕೊಂಡಂಗಾಗುತ್ತೆ', 'ಉರಿಮೂತ್ರ' ಅಂತ ಅಜ್ಜಿ ಹೇಳಿದಾಗ ಬೇರೆ ರಾಜ್ಯದಿಂದ ಬಂದ ಹುಡುಗ ಕೇಸ್‌ಶೀಟ್ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಆಗ ಅವನಿಗೆ ಆಗೋ ಸಂಕಟವೂ ಇದೇ ಜಾತಿಯದು. ಇಬ್ಬರನ್ನೂ ಒಂದೇ ಕೇಸಿಗೆ ಹಾಕಿದರೆ ಒಬ್ಬರಿಗೊಬ್ಬರು ಆಗುತ್ತಾರೆ.

ವೈವಾ ಹೆದರಿಕೆ, ಪರೀಕ್ಷೆ ಬಾಗಿಲಿನ ನಡುಕ ಬೇರೆ ಜಾತಿ. ಇಲ್ಲಿ ಮಾತ್ರ ಉಸಿರಾಟ ನಿಜಕ್ಕೂ ಕೆಲಸ ಮಾಡುತ್ತೆ, ಅದಕ್ಕೆ ಕಾರಣವೂ ಇದೆ. ನೀವೇ ಈಗ ಮಾಡಿ ನೋಡಿ. ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆಯಿರಿ, ಇನ್ನೂ ನಿಧಾನವಾಗಿ ಬಿಡಿ. ಎಳೆಯುವಾಗ ಬಡಿತ ಹತ್ತಿರ ಹತ್ತಿರ ಆಗುತ್ತೆ, ಬಿಡುವಾಗ ದೂರ ದೂರ. ಚಿಕ್ಕ ವಯಸ್ಸಿನವರಲ್ಲಿ ಇದು ಬೆರಳಿಗೆ ಚೆನ್ನಾಗಿ ಸಿಗುತ್ತೆ. ಉಸಿರು ಬಿಡುವ ಹೊತ್ತಿನಲ್ಲಿ ವೇಗಸ್ ನರ ಹೃದಯದ ಮೇಲೆ ಬ್ರೇಕ್ ಒತ್ತುತ್ತೆ. ಹಾಗಾಗಿ ನಾಲ್ಕು ಎಣಿಸುವಷ್ಟು ಎಳೆದು ಏಳೆಂಟು ಎಣಿಸುವಷ್ಟು ಬಿಟ್ಟರೆ ಬ್ರೇಕ್ ಮೇಲೆ ಕಾಲು ಜಾಸ್ತಿ ಹೊತ್ತು ಇರುತ್ತೆ. ವೈವಾ ಕೋಣೆಯ ಹೊರಗಿನ ಬೆಂಚಿನ ಮೇಲೆ ಎರಡು ನಿಮಿಷ ಹೀಗೆ ಕೂತರೆ ಕೈ ನಡುಕ ಇಳಿಯುತ್ತೆ. ಉಸಿರಿನ ಜೊತೆ ಬಡಿತ ಬದಲಾಗುವ ಇದನ್ನೇ ಫಿಸಿಯಾಲಜಿ ಪುಸ್ತಕದಲ್ಲಿ ಸೈನಸ್ ಅರಿದ್ಮಿಯಾ ಅಂತ ಓದಿ ಮಾರ್ಕ್ಸ್ ತೆಗೆದುಕೊಳ್ಳುವ ಮಕ್ಕಳಿಗೆ ಅದು ತಮ್ಮ ಮೈಯಲ್ಲೇ ಇರುವ ಉಪಕರಣ ಅಂತ ಯಾರೂ ಹೇಳಿರಲ್ಲ.

ವೈವಾ ತೆಗೆದುಕೊಳ್ಳುವ ನಮ್ಮಂಥವರಿಗೂ ಒಂದು ಮಾತು ಇಲ್ಲೇ ಹೇಳಬೇಕು. ಬೈದರೆ ಕಲಿಯುತ್ತಾರೆ ಅನ್ನುವ ನಂಬಿಕೆ ನಮ್ಮ ವೃತ್ತಿಯಲ್ಲಿ ತುಂಬ ಹಳೆಯದು. ನೆನಪಿಗೆ ಬೇಕಾದ ಮೆದುಳಿನ ಭಾಗ ಹಿಪ್ಪೊಕ್ಯಾಂಪಸ್. ಅದರ ತುಂಬ ಕಾರ್ಟಿಸಾಲ್ ಬಂದು ಅಂಟಿಕೊಳ್ಳುವ ರಿಸೆಪ್ಟರುಗಳಿವೆ. ಹೆದರಿದಾಗ, ಒಳಗೆ ಇಟ್ಟುಕೊಂಡದ್ದನ್ನು ಹೊರತೆಗೆಯೋದೇ ಕಷ್ಟ ಆಗುತ್ತೆ. ಎಲ್ಲರೆದುರು ಮಾನ ಕಳೆದು ಪ್ರಶ್ನೆ ಕೇಳಿದರೆ ಸಿಗೋದು ಆ ಮಗುವಿನ ಭಯದ ಅಳತೆ, ಜ್ಞಾನದ ಅಳತೆ ಅಲ್ಲ. ಇದನ್ನು ಪಾಠ ಮಾಡುವವರೇ ಮರೆತರೆ ಹೇಗೆ?

ಡಿಸೆಕ್ಷನ್ ಹಾಲಿನ ಮೊದಲ ದಿನ ಕೆಲವರಿಗೆ ತಲೆ ಸುತ್ತುತ್ತೆ, ಶವ ಕೆಡದ ಹಾಗೆ ಹಾಕುವ ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು, ಆ ದಿನ ಊಟ ಸೇರಲ್ಲ. ಇದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಳೆಯುತ್ತೆ. ದೇಹದಾನ ಮಾಡಿದವರಿಗೆ ನಮಸ್ಕಾರ ಮಾಡಿ ಶುರು ಮಾಡಿದ ಬ್ಯಾಚುಗಳಲ್ಲಿ ಇನ್ನೂ ಬೇಗ ಕಳೆಯೋದು ನೋಡಿದ್ದೇನೆ.

ವಾರ್ಡಿನಲ್ಲಿ ನೋಡುವ ಮೊದಲ ಸಾವು ಹಾಗಲ್ಲ. ಒಬ್ಬಳು ಹುಡುಗಿ ಬೆಳಗ್ಗೆ ಕೇಸ್ ತೆಗೆದುಕೊಂಡು ಮಾತಾಡಿಸಿದ್ದ ಅಜ್ಜನ ಮಂಚ ಮಧ್ಯಾಹ್ನ ಖಾಲಿ ಇತ್ತು. ಹಾಸಿಗೆ ಮಡಚಿ ಆಗಿತ್ತು. ಮಂಚದ ಕೆಳಗೆ ಅಜ್ಜನ ಚಪ್ಪಲಿ ಮಾತ್ರ ಉಳಿದಿತ್ತು. ಅವಳು ಒಂದು ವಾರ ಆ ಚಪ್ಪಲಿಯ ಬಗ್ಗೆಯೇ ಹೇಳುತ್ತಿದ್ದಳು. ಇಂಥ ಹೊತ್ತಿನಲ್ಲಿ 'ಡಾಕ್ಟರ್ ಆಗೋಳು ನೀನು, ಗಟ್ಟಿ ಆಗು' ಅನ್ನೋದು ಅತಿ ಕೆಟ್ಟ ಸಹಾಯ. ಅವಳಿಗೆ ಬೇಕಿದ್ದದ್ದು ಎರಡು. ಏನಾಯಿತು ಅಂತ ಯೂನಿಟ್ಟಿನ ಯಾರಾದರೂ ಕೂರಿಸಿ ವೈದ್ಯಕೀಯವಾಗಿ ವಿವರಿಸುವುದು, ಇಲ್ಲದಿದ್ದರೆ 'ನಾನು ಏನೋ ಬಿಟ್ಟೆನಾ' ಅನ್ನೋ ಹುಳ ತಲೆ ಕೊರೆಯುತ್ತಲೇ ಇರುತ್ತೆ. ಆಮೇಲೆ ಒಂದು ಲೋಟ ಟೀ ಜೊತೆ ಅವಳ ಮಾತು ಮುಗಿಯುವವರೆಗೆ ಕೇಳುವ ಒಬ್ಬ ಮನುಷ್ಯ. ಹದಿನೈದು ನಿಮಿಷದ ಕೆಲಸ. ಓಪಿಡಿ ಎಷ್ಟೇ ತುಂಬಿದ್ದರೂ ಹದಿನೈದು ನಿಮಿಷ ಸಿಗುತ್ತೆ, ಸಿಗಬೇಕು.

ನಿದ್ದೆಯ ಬಗ್ಗೆ ನಾನು ಸ್ವಲ್ಪ ಹಟ ಮಾಡುತ್ತೇನೆ. ನೈಟ್ ಔಟ್ ಮಾಡಿ ಓದಿದೆ ಅನ್ನೋದು ಹಾಸ್ಟೆಲ್ಲಿನಲ್ಲಿ ದೊಡ್ಡಸ್ತಿಕೆ. ಹಗಲು ಓದಿದ್ದು ಗಟ್ಟಿ ಆಗೋದು ನಿದ್ದೆಯಲ್ಲಿ, ನಿದ್ದೆ ಕತ್ತರಿಸಿದರೆ ಓದನ್ನೇ ಕತ್ತರಿಸಿದ ಹಾಗೆ. ಸಂಜೆ ಆರಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯಲ್ಲಿನ ಕೆಫೀನು ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಕಾಫಿ ಮೈಯಲ್ಲೇ ಇರುತ್ತೆ.

ಇಂಟರ್ನ್‌ಗಳದು, ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುವ ಪಿಜಿಗಳದು ಇನ್ನೊಂದು ಕಥೆ. ಅವರಿಗೆ ನಿದ್ದೆ ಬೇಡ ಅಂತಲ್ಲ, ಡ್ಯೂಟಿ ಬಿಡಲ್ಲ. 17 ಗಂಟೆ ಸತತ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ ಶೇಕಡಾ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತೆ ಅಂತ 1997ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮಿತಿ 0.03. ಗಾಡಿ ಓಡಿಸಲು ಬಿಡದ ಸ್ಥಿತಿಯಲ್ಲಿ ಸೂಜಿ ಹಿಡಿಯಲು ಬಿಡುತ್ತೇವೆ. ಈ ಪಿಜಿಗಳಂಥ ರೆಸಿಡೆಂಟ್ ಡಾಕ್ಟರುಗಳ ಡ್ಯೂಟಿ ಸತತ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ವಾರಕ್ಕೆ 74 ಗಂಟೆ ಮೀರದಿರಲಿ, ವಾರಕ್ಕೊಂದು ರಜೆ ಇರಲಿ ಅಂತು. ಮೂವತ್ತೆರಡು ವರ್ಷದಲ್ಲಿ ಕೇಳುವ ಮಿತಿಯೇ 48ರಿಂದ 74ಕ್ಕೆ ಏರಿದೆ. ಇಲ್ಲಿ ಒತ್ತಡದ ಔಷಧಿ ಮಗುವಿನ ಕೈಲಿಲ್ಲ, ಡ್ಯೂಟಿ ಪಟ್ಟಿ ಹಾಕುವವರ ಕೈಲಿದೆ. 36 ಗಂಟೆ ಡ್ಯೂಟಿ ಮಾಡಿಸಿ ಆಮೇಲೆ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಉಪನ್ಯಾಸಕ್ಕೆ ಕೂರಿಸುವುದು ನನಗೆ ಅನ್ಯಾಯ ಅನ್ನಿಸುತ್ತೆ.

ವ್ಯವಸ್ಥೆ ಬದಲಾದರೆ ಮಕ್ಕಳ ಮನಸ್ಸು ಬದಲಾಗುತ್ತೆ ಅನ್ನೋದಕ್ಕೆ ಉದಾಹರಣೆ ಇದೆ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು ಮೊದಲೆರಡು ವರ್ಷಕ್ಕೆ ರ‍್ಯಾಂಕು ತೆಗೆದು ಬರೀ ಪಾಸು–ಫೇಲು ಮಾಡಿತು, ಪಾಠದ ಗಂಟೆ ಶೇಕಡಾ 10ರಷ್ಟು ಕಡಿಮೆ ಮಾಡಿತು, ವಿದ್ಯಾರ್ಥಿಗಳಿಗೆ ಇಷ್ಟದ ವಿಷಯಕ್ಕೆ ಸಮಯ ಬಿಟ್ಟಿತು. ಮಕ್ಕಳಲ್ಲಿ ಖಿನ್ನತೆ, ಆತಂಕ ಎರಡೂ ಸ್ಪಷ್ಟವಾಗಿ ಇಳಿದವು. ನಮ್ಮಲ್ಲಿ ಅಷ್ಟು ದೊಡ್ಡದು ನಾಳೆಯೇ ಆಗದಿದ್ದರೂ, ಒಂದೇ ವಾರದಲ್ಲಿ ಮೂರು ಡಿಪಾರ್ಟ್‌ಮೆಂಟಿನವರು ಮೂರು ಟೆಸ್ಟ್ ಇಡದ ಹಾಗೆ ಮಾತಾಡಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ.

ದುಡ್ಡು, ಮನೆ. ಜಮೀನು ಅಡವಿಟ್ಟು, ಸಾಲ ಮಾಡಿ ಓದಿಸುತ್ತಿರುವ ಮನೆಯ ಮಕ್ಕಳು ಫೇಲಾದಾಗ ಹೆದರುವುದು ಮಾರ್ಕ್ಸಿಗಲ್ಲ, ಅಪ್ಪನ ಮುಖಕ್ಕೆ. ತಂದೆತಾಯಿಗಳಿಗೆ ನನ್ನದೊಂದು ಕೋರಿಕೆ. ಫೋನ್ ಮಾಡಿದಾಗ ಮೊದಲು 'ಟೆಸ್ಟ್ ಏನಾಯ್ತು' ಬೇಡ. 'ಮೆಸ್‌ನಲ್ಲಿ ಏನಿತ್ತು, ನಿನ್ನೆ ಎಷ್ಟು ಗಂಟೆಗೆ ಮಲಗಿದೆ, ಯಾರ ಜೊತೆ ಊಟಕ್ಕೆ ಕೂತೆ' ಅಂತ ಕೇಳಿ. ಕೊನೆಯ ಪ್ರಶ್ನೆ ಮುಖ್ಯ. ಒಬ್ಬನೇ ಊಟ ಮಾಡ್ತೀನಿ ಅಂತ ವಾರಗಟ್ಟಲೆ ಹೇಳಿದರೆ ಒಮ್ಮೆ ಬಸ್ ಹತ್ತಿ ಬನ್ನಿ. ಒಂದು ವಿಷಯ ಹೋದರೆ ಏನಾಗುತ್ತೆ ಅನ್ನೋ ನಿಜವನ್ನೂ ಮನೆಯವರು ತಿಳಿದುಕೊಂಡಿರಬೇಕು. ಸಪ್ಲಿಮೆಂಟರಿ ಇರುತ್ತೆ. ಫಸ್ಟ್ ಎಂಬಿಬಿಎಸ್‌ಗೆ ನಾಲ್ಕು ಅವಕಾಶ ಇದೆ. ಸಪ್ಲಿ ಬರೆದು ಪಾಸಾದ ಎಷ್ಟೋ ಜನ ಇವತ್ತು ಊರೂರಲ್ಲಿ ಒಳ್ಳೆ ಡಾಕ್ಟರ್ ಆಗಿದ್ದಾರೆ, ನಿಮ್ಮ ಊರಿನವರೂ ಇರಬಹುದು.

ಕೊನೆಗೆ, ಒತ್ತಡ ಒತ್ತಡವಾಗಿ ಉಳಿಯದೆ ಕಾಯಿಲೆ ಆಗುವ ಗಡಿ. ಡ್ಯೂಟಿ ಗಂಟೆಯ ವಿಷಯದಲ್ಲಿ ಹೇಳಿದ ವೈದ್ಯಕೀಯ ಆಯೋಗದ ಕಾರ್ಯಪಡೆಯ ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಅಂದವರು ಶೇಕಡಾ 27.8, ಆತ್ಮಹತ್ಯೆಯ ಯೋಚನೆ ಬಂದಿತ್ತು ಅಂದವರು ಶೇಕಡಾ 16.2. ಇಷ್ಟಪಟ್ಟವರು ಮಾತ್ರ ಉತ್ತರಿಸಿದ ಸಮೀಕ್ಷೆ ಇದು, ಹಾಗಾಗಿ ಎಲ್ಲರಿಗೂ ಇದೇ ಲೆಕ್ಕ ಅನ್ನುವಂತಿಲ್ಲ. ಆದರೂ ಉತ್ತರ ಕೊಟ್ಟವರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು.

ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಇಷ್ಟದ ಯಾವುದೂ ಬೇಡ ಅನ್ನಿಸಿದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದಕ್ಕೆ ಸೈಕಿಯಾಟ್ರಿಸ್ಟ್ ಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಇದೇ ಥರ ಸುಸ್ತು ಮಾಡುತ್ತೆ, ಅದನ್ನೂ ಅವರು ನೋಡುತ್ತಾರೆ. ಮಕ್ಕಳು ಹೋಗದಿರಲು ದೊಡ್ಡ ಕಾರಣ ಗುಟ್ಟು ಬಯಲಾಗುತ್ತೆ ಅನ್ನೋ ಭಯ. ತಮ್ಮದೇ ಕಾಲೇಜಿನ ಓಪಿಡಿ, ತಮ್ಮದೇ ಟೀಚರು, ಚೀಟಿ ಬರೆಯೋರು ತಮ್ಮದೇ ಸೀನಿಯರು. ಈ ಭಯ ಸುಮ್ನೆ ಬಂದದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡುವುದು ಅವರ ಹಕ್ಕು ಅನ್ನುತ್ತೆ, ಬೇಕಿದ್ದರೆ ಬೇರೆ ಆಸ್ಪತ್ರೆಗೂ ಹೋಗಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಂಡ ಮಾತ್ರಕ್ಕೆ ಡಾಕ್ಟರ್ ಆಗೋದು ತಪ್ಪಲ್ಲ.

ರೂಮ್‌ಮೇಟುಗಳಿಗೆ: ಮೆಸ್‌ಗೆ ಬರೋದು ಬಿಟ್ಟರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, 'ನಾನಿಲ್ಲದಿದ್ರೆ ಎಲ್ಲರಿಗೂ ನಿರಾಳ' ಅನ್ನುವಂಥ ಮಾತು ಬಂದರೆ ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸ್ತಿದೆಯಾ?' ಅಂತ. ಕೇಳಿದರೆ ಇಲ್ಲದ ಯೋಚನೆ ಹುಟ್ಟಲ್ಲ. ಯಾರೋ ಒಬ್ಬರು ಕೇಳಿದರಲ್ಲ ಅಂತ ಎಷ್ಟೋ ಸಲ ಅಲ್ಲೇ ಅಳು ಒಡೆಯುತ್ತೆ. ಹೌದು ಅಂದರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾಯುವಂಥ ಪರಿಸ್ಥಿತಿ ಅಲ್ಲ ಅನ್ನಿಸಿದರೆ ಫೋನಿಗೂ ಕಾಯದೆ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ, ವಾರ್ಡನ್ ಬೈಯುತ್ತಾರೆ ಅಂತ ಯೋಚಿಸಬೇಡಿ. ಮನೆಯವರು ಬಂದು ಸೇರುವವರೆಗೆ ಪಕ್ಕದ ಸ್ಟೂಲಿನ ಮೇಲೆ ಒಬ್ಬರು ಕೂತಿರಿ.